ಫೋನಿನ ಕಿವಿಯಿಂದ ವೈಫೈ ಅಳೆಯುವುದು: 802.11ಕೆ ಕೂರಿಸಿದ ಬಗೆ

ಮೂರು ಮಹಡಿ, ಮಹಡಿಗೆ ಎರಡರಂತೆ ಆರು ಆಕ್ಸೆಸ್ ಪಾಯಿಂಟ್ (ಎಪಿ, ಅಂದರೆ ವೈಫೈ ಹರಡುವ ಪೆಟ್ಟಿಗೆ). ಒಂದೊಂದರಲ್ಲೂ 2.4 ಮತ್ತು 5 ಗಿಗಾಹರ್ಟ್ಸ್‌ನ ಎರಡು ರೇಡಿಯೊ, ಎಲ್ಲದರಲ್ಲೂ ಓಪನ್‌ಡಬ್ಲ್ಯುಆರ್‌ಟಿ ಎಂಬ ರೌಟರ್ ತಂತ್ರಾಂಶ. ದೂರು ಎಲ್ಲ ಕಡೆ ಕೇಳುವಂಥದ್ದೇ: ಮೆಟ್ಟಿಲು ಹತ್ತಿ ಮೇಲೆ ಹೋದರೂ ಫೋನ್ ಕೆಳಗಿನ ಎಪಿಯನ್ನು ಬಿಡುವುದಿಲ್ಲ. ಇಂಥ ಕಡೆ ಮೊದಲು ಕೈ ಹೋಗುವುದು ಎಪಿಯ ಪವರ್ ಏರಿಸಲು. ಅದರಿಂದ ಅಂಟು ಇನ್ನೂ ಹೆಚ್ಚುತ್ತದೆ. ಛಾವಣಿಯ ಎಪಿಗೆ ಕೇಳುವುದೇ ಬೇರೆ, ಕೈಯಲ್ಲಿರುವ ಫೋನಿಗೆ ಕೇಳುವುದೇ ಬೇರೆ. ವೈಫೈ ಮಾನದಂಡಕ್ಕೆ 2008ರಲ್ಲಿ ಬಂದ 802.11ಕೆ ಎಂಬ ತಿದ್ದುಪಡಿಯ ಉಪಯೋಗ ಇಲ್ಲಿದೆ: ಫೋನಿಗೆ ಏನು ಕೇಳಿಸುತ್ತಿದೆ ಎಂದು ಫೋನನ್ನೇ ವಿಚಾರಿಸಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 802.11ಕೆ ಯಾವ ಫೋನನ್ನೂ ಎಪಿಯಿಂದ ಎಪಿಗೆ ದೂಡುವುದಿಲ್ಲ. ಅದು ಮಾಹಿತಿ ಕೊಡುತ್ತದೆ, ಮಾಹಿತಿ ಕೇಳುತ್ತದೆ. ಹೋಗುವುದು ಬಿಡುವುದು ಫೋನಿನ ಇಷ್ಟ. ‘ಅತ್ತ ಹೋದರೆ ಒಳ್ಳೆಯದು’ ಎಂದು ಸೂಚಿಸುವ ಕೆಲಸ 802.11ವಿಯದು. ಆ ಸೂಚನೆಯೂ ಬೇಕಿದ್ದರೆ ಓಪನ್‌ಡಬ್ಲ್ಯುಆರ್‌ಟಿಯ ಜೊತೆ ಬರುವ ಡಬ್ಲ್ಯುಪ್ಯಾಡ್ ಎಂಬ ವೈಫೈ ಪ್ಯಾಕೇಜಿನ ‘ಬೇಸಿಕ್’ ಆವೃತ್ತಿ ತೆಗೆದು ಪೂರ್ಣ ಆವೃತ್ತಿ ಹಾಕಿ. ಆಮೇಲೆ ಪ್ರತಿ ವೈಫೈ ಇಂಟರ್‌ಫೇಸಿನಲ್ಲಿ 802.11ಕೆ ಆನ್ ಮಾಡಿ. ನೆರೆ ವರದಿ (ಪಕ್ಕದ ಎಪಿಗಳ ಪಟ್ಟಿ) ಮತ್ತು ಬೀಕನ್ ವರದಿ (ಫೋನಿಗೆ ಕೇಳಿಸಿದ ಎಪಿಗಳ ಅಳತೆ) ಎರಡೂ ಆನ್ ಆಗಿವೆಯೇ ನೋಡಿಕೊಳ್ಳಿ.

ಆನ್ ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ. ಬಹಳ ಜನ ನಿಲ್ಲುವುದು ಇಲ್ಲೇ. ಫೋನ್ ‘ನೆರೆಯವರು ಯಾರು?’ ಎಂದು ಕೇಳಿದಾಗ ಎಪಿ ಕೊಡುವ ಪಟ್ಟಿಯಲ್ಲಿ ಅದರ ಸ್ವಂತ ಹೆಸರಷ್ಟೇ ಇರುತ್ತದೆ, ಏಕೆಂದರೆ ಎಪಿಯನ್ನು ನಡೆಸುವ ಹೋಸ್ಟ್‌ಎಪಿಡಿ ಎಂಬ ಪ್ರೋಗ್ರಾಮಿಗೆ ಪಕ್ಕದ ಪೆಟ್ಟಿಗೆ ಇರುವುದೇ ಗೊತ್ತಿಲ್ಲ. ಅದೇ ಪೆಟ್ಟಿಗೆಯ ಇನ್ನೊಂದು ರೇಡಿಯೊವನ್ನೂ ಪಟ್ಟಿಗೆ ನಾವೇ ಸೇರಿಸಬೇಕು. ಪ್ರತಿ ರೇಡಿಯೊದಿಂದ ಯೂಬಸ್ (ಓಪನ್‌ಡಬ್ಲ್ಯುಆರ್‌ಟಿಯ ಒಳಗಿನ ಸಂದೇಶ ವ್ಯವಸ್ಥೆ) ಮೂಲಕ ಅದರ ಸ್ವಂತ ಸಾಲನ್ನು ಪಡೆಯಬೇಕು (ಕರೆಯ ಹೆಸರು ಆರ್‌ಆರ್‌ಎಂ-ಎನ್‌ಆರ್-ಗೆಟ್-ಓನ್). ಸಾಲಿನಲ್ಲಿ ಮೂರು ಭಾಗ: ಬಿಎಸ್‌ಎಸ್‌ಐಡಿ (ಆ ರೇಡಿಯೊದ ವಿಳಾಸ), ನೆಟ್‌ವರ್ಕ್ ಹೆಸರು, ಒಂದು ಹೆಕ್ಸ್ (ಹದಿನಾರರ ಪದ್ಧತಿಯ ಅಂಕೆಗಳ) ಸರ. ಆ ಸರದಲ್ಲಿ ಕನಿಷ್ಠ 13 ಬೈಟ್, ಅಂದರೆ 26 ಅಂಕೆ: 6 ಬೈಟ್ ವಿಳಾಸ, 4 ಬೈಟ್ ಸಾಮರ್ಥ್ಯದ ಬಿಟ್‌ಗಳು, ಆಮೇಲೆ ಆಪರೇಟಿಂಗ್ ಕ್ಲಾಸ್ (ಯಾವ ಬ್ಯಾಂಡ್, ಎಷ್ಟು ಅಗಲ ಎಂದು ಹೇಳುವ ಸಂಖ್ಯೆ), ಚಾನೆಲ್, ಫೈ (ರೇಡಿಯೊ ತಂತ್ರದ) ಬಗೆ ತಲಾ ಒಂದೊಂದು. ಈ ಸರವನ್ನು ಕೈಯಾರೆ ಬರೆಯುವ ಸಾಹಸ ಬೇಡ. ಆಪರೇಟಿಂಗ್ ಕ್ಲಾಸ್ ತಪ್ಪಿದರೆ (2.4ರ 1ರಿಂದ 13ಕ್ಕೆ 81, 20 ಮೆಗಾಹರ್ಟ್ಸ್ ಅಗಲದ 36ರಿಂದ 48ಕ್ಕೆ 115, 80 ಮೆಗಾಹರ್ಟ್ಸ್ ಅಗಲಕ್ಕೆ 128) ಫೋನ್ ಆ ನೆರೆಯನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ದೋಷದ ಸಂದೇಶ ಎಲ್ಲೂ ಕಾಣುವುದಿಲ್ಲ.

ಹೀಗೆ ತುಂಬಿದ ಪಟ್ಟಿ ವೈಫೈ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಹಾಗಾಗಿ ಒಂದೋ ಐದು ನಿಮಿಷಕ್ಕೊಮ್ಮೆ ಓಡುವ ಸ್ಕ್ರಿಪ್ಟ್ ಬೇಕು, ಇಲ್ಲವೇ ಯೂಸ್ಟಿಯರ್‌ನಂಥ ಪ್ಯಾಕೇಜ್. ಯೂಸ್ಟಿಯರ್ ಎಪಿಗಳ ನಡುವೆ ಲ್ಯಾನ್ ಮೇಲೆಯೇ ಈ ಸಾಲುಗಳನ್ನು ಹಂಚಿಕೊಳ್ಳುತ್ತದೆ. ಅದರಲ್ಲಿ ಸಿಗ್ನಲ್ ಕಡಿಮೆಯಾದಾಗ ಕ್ಲೈಂಟನ್ನು ಹೊರಹಾಕುವ ಮಿತಿಗಳನ್ನು ಸೊನ್ನೆಯಲ್ಲೇ ಬಿಟ್ಟಿದ್ದೇನೆ. ಒದ್ದು ಓಡಿಸಿದ ಫೋನ್ ಎಷ್ಟೋ ಸಲ ಅದೇ ಎಪಿಗೆ ವಾಪಸ್ ಬರುತ್ತದೆ, ನಡುವೆ ಕರೆ ಕಡಿಯುತ್ತದೆ.

ಇನ್ನು ಅಳತೆ. ಮೊದಲು ಯಾವ ಫೋನಿಗೆ ಏನು ಬರುತ್ತದೆ ನೋಡಬೇಕು. ಕ್ಲೈಂಟ್‌ಗಳ ಪಟ್ಟಿ ಕೇಳಿದರೆ ಪ್ರತಿ ಸಾಧನಕ್ಕೂ ಐದು ಬೈಟಿನ ಆರ್‌ಆರ್‌ಎಂ (ರೇಡಿಯೊ ಅಳತೆಯ) ಸಾಮರ್ಥ್ಯ ಸಿಗುತ್ತದೆ. ಮೊದಲ ಬೈಟ್ 115 ಇದ್ದರೆ ಅದನ್ನು 64, 32, 16, 2, 1 ಎಂದು ಬಿಡಿಸಿ: ಬೀಕನ್ ಟೇಬಲ್, ಆ್ಯಕ್ಟಿವ್, ಪ್ಯಾಸಿವ್, ನೆರೆ ವರದಿ, ಲಿಂಕ್ ಅಳತೆ. ಐದೂ ಸೊನ್ನೆ ಇದ್ದರೆ ಆ ಸಾಧನಕ್ಕೆ 802.11ಕೆ ಗೊತ್ತಿಲ್ಲ, ಅದರ ಹಿಂದೆ ಬೀಳಬೇಡಿ. ಚಾನೆಲ್ ಲೋಡ್, ನಾಯ್ಸ್ ಹಿಸ್ಟೋಗ್ರಾಂನ ಬಿಟ್‌ಗಳು ಎರಡನೆಯ ಬೈಟಿನಲ್ಲಿವೆ. ನಾನು ನೋಡಿದ ಫೋನುಗಳಲ್ಲಿ ಆ ಬೈಟ್ ಬಹುಪಾಲು ಖಾಲಿ. ಅಲ್ಲಿಗೆ ಕೈಗೆ ಉಳಿಯುವುದು ಬೀಕನ್ ವರದಿ ಒಂದೇ. ಅದು ಸಾಕು.

ಬೀಕನ್ ವಿನಂತಿಯಲ್ಲಿ ಮೂರು ವಿಧ. ಪ್ಯಾಸಿವ್‌ನಲ್ಲಿ ಫೋನ್ ಆ ಚಾನೆಲ್ಲಿಗೆ ಹೋಗಿ ಸುಮ್ಮನೆ ಕೇಳುತ್ತದೆ. ಬೀಕನ್, ಅಂದರೆ ‘ನಾನಿಲ್ಲಿದ್ದೇನೆ’ ಎಂದು ಎಪಿ ಸಾರುವ ಫ್ರೇಮ್, ಸಾಮಾನ್ಯವಾಗಿ 100 ಟಿಯುಗೊಮ್ಮೆ ಬರುತ್ತದೆ (ಒಂದು ಟಿಯು ಅಂದರೆ 1024 ಮೈಕ್ರೊಸೆಕೆಂಡ್), ಆದ್ದರಿಂದ ಅವಧಿ 110 ಟಿಯುವಾದರೂ ಇರಲಿ. 50 ಕೊಟ್ಟರೆ ಅರ್ಧದಷ್ಟು ಎಪಿಗಳು ತಪ್ಪಿಹೋಗಿ, ‘ಅಲ್ಲಿ ಸಿಗ್ನಲ್ಲೇ ಇಲ್ಲ’ ಎಂಬ ಸುಳ್ಳು ಚಿತ್ರ ಸಿಗುತ್ತದೆ. ಆದರೆ 2.4ರ 13 ಚಾನೆಲ್‌ಗೆ 110ರಂತೆ ಲೆಕ್ಕ ಹಾಕಿ: ಸುಮಾರು ಒಂದೂವರೆ ಸೆಕೆಂಡ್ ಫೋನ್ ತನ್ನ ಚಾನೆಲ್ಲಿನಿಂದ ಆಚೆ. ವಾಟ್ಸಾಪ್ ಕರೆಯಲ್ಲಿದ್ದರೆ ಮಾತು ತುಂಡಾಗುತ್ತದೆ, ಇಲ್ಲವೇ ಫೋನ್ ‘ಒಲ್ಲೆ’ ಎಂಬ ಬಿಟ್ ಹಾಕಿ ವಿನಂತಿಯನ್ನೇ ನಿರಾಕರಿಸುತ್ತದೆ. ಆ್ಯಕ್ಟಿವ್‌ನಲ್ಲಿ ಫೋನ್ ತಾನೇ ಪ್ರೋಬ್ (‘ಯಾರಿದ್ದೀರಿ?’ ಎಂಬ ಪ್ರಶ್ನೆ) ಕಳಿಸುವುದರಿಂದ 20 ಟಿಯು ಸಾಕು. ಆದರೆ ರಾಡಾರ್ ಇರಬಹುದಾದ ಡಿಎಫ್‌ಎಸ್ ಚಾನೆಲ್‌ಗಳಲ್ಲಿ ಮೊದಲು ಮಾತಾಡುವ ಅಧಿಕಾರ ಫೋನಿಗಿಲ್ಲ, ಅಲ್ಲಿ ಪ್ಯಾಸಿವ್‌ನಷ್ಟೇ ಹೊತ್ತು ಬೇಕು. ಟೇಬಲ್ ವಿಧದಲ್ಲಿ ಫೋನ್ ಹೊಸದಾಗಿ ಏನನ್ನೂ ಅಳೆಯದೆ ನೆನಪಿನಲ್ಲಿರುವುದನ್ನು ಕೊಡುತ್ತದೆ. ಕ್ಷಣದಲ್ಲಿ ಉತ್ತರ ಬರುತ್ತದೆ, ಹಳಸಿದ್ದೂ ಇರಬಹುದು. ದಿನನಿತ್ಯ ನೋಡಲು ಟೇಬಲ್, ಸರ್ವೆಗೆ ಆ್ಯಕ್ಟಿವ್: ನಾನು ಇಟ್ಟುಕೊಂಡ ಪದ್ಧತಿ ಇದು.

ವರದಿಯಲ್ಲಿ ಸಿಗ್ನಲ್ ಬಲ ಹೇಳುವ ಆರ್‌ಸಿಪಿಐ ಎಂಬ ಅಂಕಿ ನೇರ ಡಿಬಿಎಂ (ಸಿಗ್ನಲ್ ಬಲದ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಅಲ್ಲ. ಎರಡರಿಂದ ಭಾಗಿಸಿ 110 ಕಳೆಯಬೇಕು. 84 ಅಂದರೆ ಮೈನಸ್ 68, 60 ಅಂದರೆ ಮೈನಸ್ 80. 255 ಬಂದರೆ ಅಳತೆಯೇ ಆಗಿಲ್ಲ ಎಂದರ್ಥ. ಅದನ್ನೂ ಸರಾಸರಿಗೆ ಸೇರಿಸಿದರೆ ಲೆಕ್ಕ ಕೆಡುತ್ತದೆ.

ಸರ್ವೆ ಹೀಗೆ: ಫೋನನ್ನು ಎದೆಯ ಎತ್ತರದಲ್ಲಿ ಹಿಡಿದು ಮಹಡಿಗೆ ಹತ್ತು ಜಾಗದಲ್ಲಿ ನಿಲ್ಲಿ. ಒಂದೊಂದು ಕಡೆ ಮೂರು ಸಲ, ಹತ್ತು ಸೆಕೆಂಡ್ ಅಂತರದಲ್ಲಿ ವಿನಂತಿ ಕಳಿಸಿ, ನಡುವಿನ ಬೆಲೆ ತೆಗೆದುಕೊಳ್ಳಿ. ಮೆಟ್ಟಿಲಿನ ತಿರುವು ಮತ್ತು ಲಿಫ್ಟ್ ಬಾಗಿಲನ್ನು ಬಿಡಬೇಡಿ, ಫೋನ್ ಎಪಿ ಬದಲಿಸಬೇಕಾದ ಜಾಗ ಅದೇ. ಈಗಿನ ಎಪಿ ಮೈನಸ್ 70ಕ್ಕೆ ಇಳಿದ ಜಾಗಗಳನ್ನು ಗುರುತು ಹಾಕಿ. ಐಫೋನ್ ಬೇರೆ ಎಪಿ ಹುಡುಕಲು ಶುರುಮಾಡುವುದು ಅಲ್ಲಿಂದ. ಡೇಟಾ ಓಡುತ್ತಿದ್ದರೆ 8 ಡಿಬಿ, ಸುಮ್ಮನಿದ್ದರೆ 12 ಡಿಬಿ ಮೇಲಿರುವ ಎಪಿ ಸಿಕ್ಕರೆ ಮಾತ್ರ ಹೋಗುತ್ತದೆ ಎಂದು ಆಪಲ್ ಕಂಪನಿಯೇ ಹೇಳಿಕೊಂಡಿದೆ. ಅಲ್ಲಿ ನಿಂತಾಗ ಯಾರು ಚೆನ್ನಾಗಿ ಕೇಳುತ್ತಾರೋ ಅವರೇ ನೆರೆಯವರು. ನಕ್ಷೆಯಲ್ಲಿ ಹತ್ತಿರವಿರುವವರು ಆಗಬೇಕೆಂದಿಲ್ಲ. ಆರ್‌ಸಿಸಿ ಚಪ್ಪಡಿಯ ಕಟ್ಟಡದಲ್ಲಿ ನೆತ್ತಿಯ ಮೇಲಿನ ಎಪಿಗಿಂತ ಮೆಟ್ಟಿಲಿನ ಬಾಯಿಗೆ ಮುಖ ಮಾಡಿರುವ ಎಪಿ ಜೋರಾಗಿ ಕೇಳುವುದು ಸಾಮಾನ್ಯ. ಪಟ್ಟಿ ಆರಕ್ಕಿಂತ ಉದ್ದ ಬೇಡ. ಹನ್ನೆರಡೂ ರೇಡಿಯೊ ತುಂಬಿದರೆ ಫೋನ್ ಎಲ್ಲ ಚಾನೆಲ್ಲನ್ನೂ ತಡಕಬೇಕಾಗುತ್ತದೆ, ಪಟ್ಟಿ ಇದ್ದೂ ಇಲ್ಲದಂತೆ.

ಪವರ್ ಇಳಿಸಲು ಕೈಹಾಕುವುದು ಈ ಅಂಕಿಗಳು ಸಿಕ್ಕ ಮೇಲೆ. ಮುಂದಿನ ಎಪಿಯ ಕೆಳಗೆ ನಿಂತಾಗಲೂ ಹಳೆಯದು ಮೈನಸ್ 65ಕ್ಕಿಂತ ಜೋರಾಗಿದ್ದರೆ ಫೋನಿಗೆ ಬಿಡಲು ಕಾರಣವೇ ಇಲ್ಲ. 3 ಡಿಬಿಯಂತೆ ಇಳಿಸಿ ಮತ್ತೆ ಅಳೆಯಿರಿ. 2.4ನ್ನು 5ಕ್ಕಿಂತ 6 ಡಿಬಿ ಕೆಳಗಿಟ್ಟರೆ ಫೋನುಗಳು ತಾವಾಗಿ 5ಕ್ಕೆ ಸೇರುತ್ತವೆ.

ಪರೀಕ್ಷೆಗೆ ಕೂತವರನ್ನು ತಲೆಕೆಡಿಸುವುದು ಇನ್ನೊಂದಿದೆ: ಗಾಳಿಯ ಫ್ರೇಮ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಈ ಫ್ರೇಮ್‌ಗಳು ಕಾಣುವುದೇ ಇಲ್ಲ. ರೇಡಿಯೊ ಅಳತೆಯವು ಆ್ಯಕ್ಷನ್ ಫ್ರೇಮ್‌ಗಳು, ಕ್ಯಾಟಗರಿ 5, 802.11ಡಬ್ಲ್ಯು (ನಿರ್ವಹಣಾ ಫ್ರೇಮ್‌ಗಳ ರಕ್ಷಣೆ) ಇದ್ದಾಗ ಗೂಢಲಿಪಿಯಲ್ಲಿ ಹೋಗುತ್ತವೆ. ಡಬ್ಲ್ಯುಪಿಎ3ಯಲ್ಲಿ ಅದು ಕಡ್ಡಾಯ. ಡಬ್ಲ್ಯುಪಿಎ2, 802.11ಡಬ್ಲ್ಯು ಆಫ್ ಇರುವ ಒಂದು ಪರೀಕ್ಷಾ ನೆಟ್‌ವರ್ಕ್ ಮಾಡಿ ನೋಡಿ. ಇಲ್ಲವೇ ಕ್ಯಾಪ್ಚರ್ ಬಿಟ್ಟು ಹೋಸ್ಟ್‌ಎಪಿಡಿಯ ಬೀಕನ್ ವರದಿ ಸಂದೇಶಗಳನ್ನೇ ಓದಿ.

ಕೊನೆಯದಾಗಿ, ಎಪಿಗಳ ಚಾನೆಲ್ ‘ಆಟೊ’ದಲ್ಲಿ ಇರಬಾರದು. ಚಾನೆಲ್ ಬದಲಾದ ಕ್ಷಣದಿಂದ ನೆರೆಯವರ ಪಟ್ಟಿ ಸುಳ್ಳಾಗುತ್ತದೆ. ಫೋನ್ ಹಳೆಯ ಚಾನೆಲ್ಲಿಗೆ ಹೋಗಿ ಯಾರನ್ನೂ ಕಾಣದೆ ವಾಪಸಾಗುತ್ತದೆ. ಡಿಎಫ್‌ಎಸ್ ಚಾನೆಲ್‌ನಲ್ಲಿ ರಾಡಾರ್ ಕಂಡರೆ ನೀವು ಒಪ್ಪದಿದ್ದರೂ ಎಪಿ ಜಾಗ ಬಿಡಲೇಬೇಕು, 30 ನಿಮಿಷ ಹಿಂತಿರುಗುವಂತಿಲ್ಲ. ಅಂಥ ಎಪಿ ಇದ್ದರೆ ಸ್ಕ್ರಿಪ್ಟನ್ನು ಐದು ನಿಮಿಷಕ್ಕಲ್ಲ, ಒಂದು ನಿಮಿಷಕ್ಕೊಮ್ಮೆ ಓಡಿಸಿ.