ಗಾಡಿಯೊಳಗೆ ಹಾಸಿಗೆ, ಡಿಕ್ಕಿ ಬಾಗಿಲಲ್ಲಿ ಒಲೆ

ದಾವಣಗೆರೆ ಕಡೆಯ ಹುಡುಗರು ಹುಡುಗಿಯರು ಈಗ ಥಾರ್, ಗೂರ್ಖಾ, ಸ್ಕಾರ್ಪಿಯೋದಂಥ ಜೀಪು ಗಾಡಿ ತಗೊಂಡು ಊರೂರು ಸುತ್ತುತ್ತಾರೆ. ಒಳ್ಳೇದೇ. ಅದರೊಳಗೇ ಮಲಗಬೇಕು, ಅಡುಗೆಯನ್ನೂ ಮಾಡಬೇಕು ಅನ್ನುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಒಳಗಿರಲಿ, ಬೆಂಕಿ ಹೊರಗಿರಲಿ. ಏನು ಮಾಡಿಸಿದರೂ ಇದನ್ನು ತಲೆಯಲ್ಲಿಟ್ಟುಕೊಂಡೇ ಮಾಡಿಸಿ.

ಬಡಗಿಯನ್ನು ಕರೆಯುವ ಮುಂಚೆ ಹಿಂದಿನ ಸೀಟು ಮಡಚಿ ಟೇಪು ಹಿಡಿಯಿರಿ. ಉದ್ದವನ್ನು ಎಲ್ಲರೂ ಅಳೆಯುತ್ತಾರೆ, ಎತ್ತರ ಮರೆತುಬಿಡುತ್ತಾರೆ. ಗಾದಿ ಹಾಕಿದ ಮೇಲೆ ನೀವು ನೆಟ್ಟಗೆ ಕೂತರೆ ತಲೆ ಮೇಲೆ ತಾಗಬಾರದು, ಅದಕ್ಕೆ ಹತ್ತಿರ ಹತ್ತಿರ ಮೂರಡಿ ಬೇಕು. ಡ್ರಾಯರ್ ಆಸೆಗೆ ಬಿದ್ದು ಮಂಚ ಎತ್ತರಿಸಿದರೆ ರಾತ್ರಿ ಬಟ್ಟೆ ಬದಲಿಸುವುದಕ್ಕೂ ಒದ್ದಾಡಬೇಕು. ಹಲಗೆಗೆ 12 ಎಂಎಂ ಪ್ಲೈವುಡ್ ಸಾಕು, ಐಎಸ್ 710 ಗುರುತಿನದ್ದಾದರೆ ನೀರು ಬಿದ್ದರೂ ಉಬ್ಬುವುದಿಲ್ಲ. ಒಂದೇ ತುಂಡು ಬೇಡ, ಮೂರು ತುಂಡು ಮಾಡಿಸಿ ಬಿಜಾಗರಿ ಹಾಕಿಸಿ, ಅಡಿಯಲ್ಲಿ ಅಡ್ಡಪಟ್ಟಿ ಕೊಡಿಸಿ. ಬೇಡವಾದಾಗ ಮಡಚಿಟ್ಟರೆ ಸೀಟು ಮತ್ತೆ ಸೀಟೇ ಆಗುತ್ತದೆ.

ಗಾಡಿಯ ಮೈಗೆ ತೂತು ಕೊರೆಸಬೇಡಿ. ಡಿಕ್ಕಿಯ ನೆಲದಲ್ಲಿ ಕೊಕ್ಕೆಗಳಿದ್ದರೆ ಅವಕ್ಕೇ ಬೆಲ್ಟು ಹಾಕಿ ಬಿಗಿಯಿರಿ. ತೂತು ಬಿದ್ದ ಕಡೆ ತುಕ್ಕು ಹಿಡಿಯುತ್ತದೆ ಅನ್ನುವುದು ಒಂದು. ಇನ್ನೊಂದು ಕಾನೂನು. ಕಂಪನಿ ಕೊಟ್ಟ ಮೂಲ ರಚನೆಯನ್ನು ಮಾಲೀಕರು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಬಿಚ್ಚಿ ತೆಗೆಯಬಹುದಾದ ಮಂಚ ಅಂದರೆ ಸಾಮಾನು ಇಟ್ಟ ಹಾಗೆ, ತಲೆನೋವಿಲ್ಲ.

ಗಾದಿಗೆ ನಾಲ್ಕು ಇಂಚಿನ ಗಟ್ಟಿ ಫೋಮು, ಮೇಲೆ ಹತ್ತಿ ಬಟ್ಟೆಯ ಕವರು. ರೆಕ್ಸಿನ್ ಹಾಕಿಸಿದರೆ ನಮ್ಮ ಏಪ್ರಿಲ್ ಸೆಕೆಗೆ ಬೆನ್ನೆಲ್ಲ ಬೆವರು. ಹೊದೆಯಲು ಚಳ್ಳಕೆರೆಯ ಕುರಿ ಉಣ್ಣೆ ಕಂಬಳಿ ಒಂದಿದ್ದರೆ ಡಿಸೆಂಬರ್ ಚಳಿಗೂ ಸಾಕು, ಸ್ವಲ್ಪ ಚುಚ್ಚುತ್ತದೆ ಅಂದರೆ ಒಳಗೊಂದು ಹತ್ತಿ ದುಪ್ಪಟಿ ಸೇರಿಸಿ.

ಈಗ ಒಲೆ ವಿಷಯ. ಈ ಗಾಡಿಗಳಲ್ಲಿ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ ಅಲ್ವಾ, ಅದು ನಿಮಗೆ ವರ. ಬಾಗಿಲ ಒಳಮೈಗೆ ಮಡಚುವ ಹಲಗೆ ಕೂರಿಸಿದರೆ ತರಕಾರಿ ಹೆಚ್ಚಲು, ತಟ್ಟೆ ಇಡಲು ಜಾಗ ಆಯಿತು. ಆದರೆ ಚಿತ್ರದುರ್ಗದ ಗಾಳಿ ಗೊತ್ತಲ್ಲ, ಸುಮ್ನೆ ಅಲ್ಲಿ ಗುಡ್ಡದ ಮೇಲೆಲ್ಲ ಗಾಳಿ ಯಂತ್ರ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಗಾಳಿ ಪಡುವಲಿಂದ ಬೀಸುತ್ತದೆ. ಗಾಡಿಯ ಮೂತಿ ಪಡುವಲಕ್ಕೆ ಮಾಡಿ ನಿಲ್ಲಿಸಿ, ಗಾಡಿಯೇ ಒಲೆಗೆ ಮರೆಯಾಗುತ್ತದೆ. ಬಾಗಿಲಿಗೂ ಒಂದು ಹಗ್ಗ ಕಟ್ಟಿ, ಇಲ್ಲದಿದ್ದರೆ ಬಂದು ಕೈಗೆ ಬಡಿಯುತ್ತದೆ, ಥಾರ್, ಗೂರ್ಖಾದಲ್ಲಿ ಸ್ಟೆಪ್ನಿ ಭಾರವೂ ಅದರ ಮೇಲೇ ಇರುತ್ತದೆ.

5 ಕೆಜಿಯ ಸಣ್ಣ ಸಿಲಿಂಡರ್ ಯಾವಾಗಲೂ ನೆಟ್ಟಗೇ ನಿಲ್ಲಬೇಕು, ಮಲಗಿಸಬಾರದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಮಂಚದ ಅಡಿಯಲ್ಲಿ ಕೂರುತ್ತದೆ. ಅದಕ್ಕೇ ಅಡುಗೆ ಮುಗಿದ ತಕ್ಷಣ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ರಾತ್ರಿ ಸಿಲಿಂಡರನ್ನು ಗಾಡಿಯಿಂದ ಹೊರಗಿಡಿ. ಬ್ಯುಟೇನ್ ಡಬ್ಬಿಯ ಒಲೆ ಇಟ್ಟುಕೊಂಡವರು ಆ ಡಬ್ಬಿಗಳನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಟ್ಟು ಹೋಗಲೇಬೇಡಿ.

ಮಳೆ ಜಾಸ್ತಿ ಆದರೆ? ಒಂದು ತಾಡಪಾಲು ಕ್ಯಾರಿಯರ್‌ನಿಂದ ಹಿಂದಕ್ಕೆ ಎಳೆದು ಕಟ್ಟಿ ಅದರಡಿ ಒಲೆ ಹಚ್ಚಿ. ಗಾಜು ಏರಿಸಿ ಒಳಗೆ ಒಲೆ ಹಚ್ಚುವುದಾಗಲಿ, ಚಳಿಗೆ ಕೆಂಡ ಇಟ್ಟುಕೊಳ್ಳುವುದಾಗಲಿ, ಎಂಜಿನ್ ಓಡಿಸಿ ಎಸಿ ಹಾಕಿ ಮಲಗುವುದಾಗಲಿ ದಯವಿಟ್ಟು ಬೇಡ. ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ತಾಡಪಾಲೂ ತಡೆಯದಂಥ ಮಳೆಯ ರಾತ್ರಿ ಬೆಂಕಿಯೇ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿಗೆ ಹಸಿ ಈರುಳ್ಳಿ ಕಲಸಿಕೊಂಡರೆ ಊಟ ಆಯಿತು. ಇವು ಡಬ್ಬಿಯಲ್ಲಿ ಸದಾ ಇರಲಿ.

ನೀರು 20 ಲೀಟರ್ ಅಂದರೆ 20 ಕೆಜಿ. ಆ ಕ್ಯಾನು ಮುಂದಿನ ಸೀಟಿನ ಹಿಂದೆ ನೆಲಕ್ಕೇ ಇರಬೇಕು, ಮೇಲಿನ ಕ್ಯಾರಿಯರ್ ಮೇಲಲ್ಲ. ಭಾರ ಮೇಲಾದಷ್ಟೂ ಗಾಡಿ ಓಲಾಡುತ್ತದೆ. ಕುಕ್ಕರ್, ಬೋಗುಣಿ ಒಂದರೊಳಗೊಂದು ಇಟ್ಟು ನಡುವೆ ಹಳೇ ಟವೆಲ್ ತುರುಕಿ, ಲಟಪಟ ಸದ್ದು ನಿಲ್ಲುತ್ತದೆ. ಲೈಟು, ಮೊಬೈಲಿಗೆ ಬೇರೆ ಬ್ಯಾಟರಿ ಇಟ್ಟುಕೊಳ್ಳಿ, ಫ್ಯೂಸು ಅದರ ಪಕ್ಕದಲ್ಲೇ ಇರಲಿ.

ಮಲಗುವಾಗ ಎದುರುಬದುರಿನ ಎರಡು ಗಾಜು ಎರಡೆರಡು ಬೆರಳು ಇಳಿಸಿ, ಸೊಳ್ಳೆ ಪರದೆಯ ಬಟ್ಟೆ ಸಿಕ್ಕಿಸಿ. ಇಲ್ಲದಿದ್ದರೆ ನಿಮ್ಮ ಉಸಿರೇ ಗಾಜಿಗೆ ನೀರಾಗಿ ಬೆಳಗ್ಗೆ ಕಂಬಳಿ ಒದ್ದೆ. ಡ್ರೈವರ್ ಸೀಟಿನ ಮೇಲೆ ಮಾತ್ರ ಚೀಲ, ಬಟ್ಟೆ ಏನೂ ಪೇರಿಸಬೇಡಿ. ಕೀಲಿ ಎಲ್ಲಿದೆ ಅಂತ ಮಲಗಿದವರೆಲ್ಲರಿಗೂ ಗೊತ್ತಿರಲಿ. ಮಧ್ಯರಾತ್ರಿ ಕೆರೆ ಅಂಗಳದಲ್ಲಿ ನೀರು ಏರಿತು ಅಂದರೆ ಒಳಗಿಂದಲೇ ಮುಂದಕ್ಕೆ ದಾಟಿ ಗಾಡಿ ತೆಗೆಯುವ ಹಾಗಿರಬೇಕು.