ಪೆಟ್ರೋಲ್ ಟ್ಯಾಂಕ್ ಬದಲಿಸಬೇಕೇ? ಮೊದಲು ಬಚ್ಚಲ ಒಲೆ ಆರಿಸಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಇದು ಗೊತ್ತಿರುವ ಪಾಡು. ಮೇಲಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ಬಗ್ಗಿ ನೋಡಿದರೆ ಟ್ಯಾಂಕಿನ ಅಂಚು ಪದರ ಪದರವಾಗಿ ಎದ್ದಿರುತ್ತದೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ರಸ್ತೆಯ ಕೆಸರು ಮೂರೂ ಸೇರಿದರೆ ತಗಡು ಎಷ್ಟು ವರ್ಷ ತಾಳೀತು? ತೂತಿಗೆ ಸೋಪು ತಿಕ್ಕಿ, ಎಂ-ಸೀಲ್ ಹಚ್ಚಿದರೆ ಸೋರುವುದು ನಿಂತಂತೆ ಕಾಣುತ್ತದೆ ನಿಜ. ಆದರೆ ಸುತ್ತಲಿನ ತಗಡೇ ಸವೆದಿರುವಾಗ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಟ್ಯಾಂಕನ್ನೇ ಬದಲಿಸಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೇರುವುದಿಲ್ಲ, ನೆಲದ ಮೇಲೆ ಹರಿಯುತ್ತಾ ಹೋಗುತ್ತದೆ. ಅಂಗಳದ ಆ ಮೂಲೆಯಲ್ಲಿ ಟ್ಯಾಂಕ್ ಬಿಚ್ಚಿದ್ದೀರಿ, ಈ ಮೂಲೆಯಲ್ಲಿ ಸ್ನಾನದ ನೀರಿಗೆ ಬಚ್ಚಲ ಒಲೆ ಉರಿಯುತ್ತಿದೆ ಅಂದ್ಕೊಳ್ಳಿ. ಬೆಂಕಿ ಹತ್ತಿಕೊಳ್ಳಲು ಅಷ್ಟು ಸಾಕು. ಒಲೆ ಪೂರ್ತಿ ಆರಲಿ, ಕೆಂಡವೂ ಬೇಡ. ಬೀಡಿ ಸೇದುವವರನ್ನು ದೂರ ಕಳಿಸಿ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಮಾಡಲೇಬೇಡಿ.

ಟ್ಯಾಂಕ್ 28 ಲೀಟರಿನದು, ತುಂಬಿದ್ದರೆ ಪೆಟ್ರೋಲೇ ಸುಮಾರು 20 ಕಿಲೋ ತೂಗುತ್ತದೆ. ಹಾಗಾಗಿ ಹಿಂದಿನ ದಿನಗಳಲ್ಲೇ ಓಡಿಸಿ ಖಾಲಿ ಮಾಡಿಕೊಳ್ಳಿ. ಇಂಜೆಕ್ಷನ್ ಗಾಡಿಯಾದರೆ (ಕಾರ್ಬ್ಯುರೇಟರ್ ಇಲ್ಲದೆ, ಪಂಪಿನ ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುವಂಥದು) ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಬಿಡಿ, ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಉಳಿದ ಪೆಟ್ರೋಲನ್ನು ಕೈಪಂಪಿನಿಂದ ಕ್ಯಾನಿಗೆ ಎಳೆಯಿರಿ. ಬಾಯಲ್ಲಿ ಎಳೆಯುವ ಶೂರತನ ಬೇಡ.

ಗಾಡಿ ಎತ್ತುವಾಗ ಚಿರೆಕಲ್ಲು ಒಡ್ಡಬೇಡಿ. ನಮ್ಮಲ್ಲಿ ಕೈಗೆ ಸಿಗುವುದೇ ಅದು, ಗೊತ್ತು, ಆದರೆ ಭಾರ ಬಿದ್ದಾಗ ಪಕ್ಕನೆ ಒಡೆಯುತ್ತದೆ, ಕೆಳಗೆ ನೀವು ಮಲಗಿರುತ್ತೀರಿ. ಕಬ್ಬಿಣದ ಸ್ಟ್ಯಾಂಡೇ ಬೇಕು, ಮುಂದಿನ ಚಕ್ರಕ್ಕೆ ಅಡ್ಡಗಟ್ಟೆ ಬೇಕು.

ಇನ್ನು ಬೋಲ್ಟು. ಕರಾವಳಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಹಿಂದಿನ ರಾತ್ರಿಯೇ ತಂತಿಬ್ರಷ್ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಬೆಳಿಗ್ಗೆ ಇನ್ನೊಮ್ಮೆ. ರಿಂಗ್ ಪಾನಾ ಹಾಕಿ ಸ್ವಲ್ಪ ಬಿಗಿ ಕಡೆ, ಸ್ವಲ್ಪ ಸಡಿಲ ಕಡೆ ಅಲ್ಲಾಡಿಸುತ್ತಾ ಬನ್ನಿ. ಕಂದು ಪುಡಿ ಉದುರಿ, ‘ಕಿರ್’ ಅಂದರೆ ಬಿಟ್ಟಿತು ಅಂತ ಲೆಕ್ಕ. ಒಂದೇ ಸಲ ಜೋರು ಮಾಡಿದರೆ ತಲೆ ಮುರಿಯುತ್ತದೆ. ಬಿಡಲಿಲ್ಲ ಅಂತ ಬೆಂಕಿಯಲ್ಲಿ ಕಾಯಿಸುವುದಾಗಲಿ, ಗ್ರೈಂಡರ್ ಹಿಡಿಯುವುದಾಗಲಿ ಟ್ಯಾಂಕಿನ ಹತ್ತಿರ ಸುಮ್ನೆ ಯೋಚಿಸಲೂ ಬೇಡಿ.

ಪೂರ್ತಿ ಬಿಚ್ಚುವ ಮೊದಲು ಟ್ಯಾಂಕಿನ ಕೆಳಗೆ ಹಲಗೆ ಇಟ್ಟು ಜಾಕ್ ಕೊಡಿ. ಪೆಟ್ರೋಲ್ ತುಂಬುವ ಪೈಪು, ಗಾಳಿ ಪೈಪು, ಇಂಜಿನ್ನಿಗೆ ಹೋಗುವ ಮತ್ತು ವಾಪಸ್ ಬರುವ ಪೈಪು, ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳಿನ ವೈರು, ಎಲ್ಲವನ್ನೂ ಫೋಟೊ ತೆಗೆದು ಗುರುತು ಹಾಕಿ ಬಿಚ್ಚಿ. ಹೋಗುವುದು, ಬರುವುದು ಅದಲು ಬದಲಾದರೆ ಆಮೇಲೆ ತಲೆ ಕೆಡುತ್ತದೆ. ಜಾಕನ್ನು ನಿಧಾನಕ್ಕೆ ಇಳಿಸಿ.

ಹೊಸದನ್ನು ಕೂರಿಸುವಾಗ ಹಳೇ ರಬ್ಬರ್ ಪೈಪು, ಕ್ಲಿಪ್ಪು, ಗ್ಯಾಸ್ಕೆಟ್ ಉಳಿಸಬೇಡಿ, ಫಿಲ್ಟರನ್ನೂ ಬದಲಿಸಿ. ಹಳೇ ತುಕ್ಕಿನ ಪುಡಿ ಅದರಲ್ಲೇ ಕೂತಿರುತ್ತದೆ. ಟ್ಯಾಂಕಿನ ಹೊರಗೆ ಕೆಳಭಾಗಕ್ಕೆ ತುಕ್ಕುನಿರೋಧಕ ಬಣ್ಣ ಎರಡು ಕೈ ಹೊಡೆದು ಪೂರ್ತಿ ಒಣಗಿಸಿ. ಬೋಲ್ಟಿನ ಎಳೆಗೆ ಗ್ರೀಸ್ ಸವರಿ.

ಐದಾರು ಲೀಟರ್ ಹಾಕಿ, ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಒತ್ತಿ ನೋಡಿ. ಒದ್ದೆ ಇಲ್ಲದಿದ್ದರೆ ಬ್ಯಾಟರಿ ಜೋಡಿಸಿ, ಇಂಜೆಕ್ಷನ್ ಗಾಡಿಯಾದರೆ ಫ್ಯೂಸ್ ಹಾಕಿ ಚಾವಿಯನ್ನು ಎರಡು ಮೂರು ಸಲ ಆನ್ ಆಫ್ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಇಂಜಿನ್ ಓಡುವಾಗ ಇನ್ನೊಮ್ಮೆ ಬಗ್ಗಿ ನೋಡಿ.

ಹಳೇ ಟ್ಯಾಂಕನ್ನು ಗುಜರಿಯವನಿಗೆ ಕೊಡುವಾಗ ಇದು ಪೆಟ್ರೋಲ್ ಟ್ಯಾಂಕ್ ಅಂತ ಬಾಯಿಬಿಟ್ಟು ಹೇಳಿ. ಖಾಲಿ ಟ್ಯಾಂಕಿನೊಳಗೆ ಆವಿ ತುಂಬಿಕೊಂಡಿರುತ್ತದೆ, ಗ್ಯಾಸ್ ಕಟರ್ ಹಿಡಿದರೆ ಸಿಡಿಯುತ್ತದೆ.