ದಿನಾ ಜೊತೆಗಿಟ್ಟುಕೊಳ್ಳುವ ಪಿಸ್ತೂಲು: ಟೆಕ್ಸಾಸ್‌ನಲ್ಲಿ ಇರುವವರಿಗೆ

ಮೊದಲು ಕಾನೂನಿನ ವಿಷಯ. ಟೆಕ್ಸಾಸ್‌ನಲ್ಲಿ 2021ರಿಂದ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಲು ಹೆಚ್ಚಿನವರಿಗೆ ಲೈಸೆನ್ಸ್ ಬೇಕಿಲ್ಲ, ನಿಜ. ಆದರೆ ಎಚ್-1ಬಿ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ತಡೆ ಇದೆ. ಕೆಲವು ವಿನಾಯಿತಿಗಳೂ ಇವೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಗ್ರೀನ್ ಕಾರ್ಡ್‌ನವರಿಗೆ ಈ ತಡೆ ಇಲ್ಲ.

ಅಂಗಡಿಗೆ ಹೋದರೆ ಎಲ್ಲಕ್ಕಿಂತ ಪುಟ್ಟದರ ಮೇಲೇ ಕಣ್ಣು ಬೀಳುತ್ತದೆ, ಅಲ್ವಾ? ಆದರೆ ಹಗುರವಾದಷ್ಟೂ ಗುಂಡು ಹಾರಿಸಿದಾಗ ಕೈಗೆ ಜೋರಾಗಿ ಒದೆಯುತ್ತದೆ. ಹಿಡಿಕೆ ಗಿಡ್ಡವಾಗಿದ್ದರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಗುರಿ ಅಲ್ಲಾಡುತ್ತದೆ. ಇನ್ನೊಂದು ಕಡೆ, ಟೀ ಶರ್ಟ್ ಮೇಲೆ ಉಬ್ಬಿ ಕಾಣುವುದು ನಳಿಕೆಯಲ್ಲ, ಈ ಹಿಡಿಕೆಯೇ. ಹಾಗಾಗಿ ಉದ್ದ ನೋಡುವ ಬದಲು ಹಿಡಿಕೆಯ ಎತ್ತರ, ದಪ್ಪ ನೋಡಿ.

9 ಎಂಎಂ ಗುಂಡಿನ ಪಿಸ್ತೂಲುಗಳಲ್ಲಿ ಗ್ಲಾಕ್ 19 ಅನ್ನೋ ಮಾಡೆಲ್ ಖಾಲಿ ಮ್ಯಾಗಜೀನ್ (ಗುಂಡು ತುಂಬುವ ಭಾಗ) ಸೇರಿ ಸುಮಾರು 670 ಗ್ರಾಂ, 15 ಗುಂಡು ಹಿಡಿಯುತ್ತದೆ. ಅದಕ್ಕಿಂತ ಪುಟ್ಟ ಸಿಗ್ ಪಿ365 ಸುಮಾರು 500 ಗ್ರಾಂ, 10 ಗುಂಡು. ತೆಳು ಬಟ್ಟೆ ಹಾಕುವ ಟೆಕ್ಸಾಸ್ ಸೆಕೆಗೆ ಎರಡನೆಯದು ಸಲೀಸು. ಹೊಸಬರಿಗೆ ಮೊದಲನೆಯದರಲ್ಲಿ ಕಲಿಯುವುದು ಸುಲಭ ಅನ್ನೋದು ನನ್ನ ಅಭಿಪ್ರಾಯ.

ಸುಮ್ನೆ ವಿಡಿಯೋ ನೋಡಿ ಕೊಳ್ಳಬೇಡಿ. ಹಲವು ಶೂಟಿಂಗ್ ರೇಂಜ್‌ಗಳಲ್ಲಿ ಬಾಡಿಗೆಗೆ ಸಿಗುತ್ತದೆ, ಒಂದು ಡಬ್ಬಿ ಗುಂಡು ಹಾರಿಸಿ ನೋಡಿ. ಸ್ಲೈಡ್ (ಪಿಸ್ತೂಲಿನ ಮೇಲೆ ಜಾರುವ ಲೋಹದ ಭಾಗ) ಹಿಂದಕ್ಕೆ ಎಳೆಯಲು ಬೆರಳಲ್ಲಿ ಬಲ ಸಾಲದವರಿಗೆ ಸ್ಮಿತ್ ಆಂಡ್ ವೆಸ್ಸನ್‌ನ ಶೀಲ್ಡ್ ಇಝಡ್ ಅನ್ನೋ ಸುಲಭವಾಗಿ ಎಳೆಯಬಹುದಾದ ಪಿಸ್ತೂಲು ಇದೆ.

ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕವಚ) ಚೌಕಾಸಿ ಬೇಡ. ಟ್ರಿಗರ್ ಪೂರ್ತಿ ಮುಚ್ಚುವ ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನದೇ ತಗೊಳ್ಳಿ, ಜೊತೆಗೆ ದಪ್ಪ ಬೆಲ್ಟ್. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆಯನ್ನೂ ಅದೇ ಬಿಲ್ಲಿಗೆ ಸೇರಿಸಿ.